ಬೇರಿಂಗ್ ಖರ್ಚು, ಕ್ರ್ಯಾಂಕ್ ಅಸಲು

ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿಸಿದವರಿಗೆ ಬಿಲ್ಲಿನಲ್ಲಿ ಮೊದಲು ಕಾಣುವುದು ದೊಡ್ಡ ಮೊತ್ತಗಳೇ: ಲೈನರ್-ಪಿಸ್ಟನ್ ಕಿಟ್, ಪಂಪ್-ನೋಜಲ್ ಕೆಲಸ, ಮಿಸ್ತ್ರಿಯ ಕೂಲಿ. ಬಿಗ್ ಎಂಡ್ ಬೇರಿಂಗ್ ಎಂಬ ಸಾಲು ಎಲ್ಲೋ ಕೆಳಗೆ ಕೂತಿರುತ್ತದೆ. ಕಮಲಾಪುರದ ನಮ್ಮ ಹೊಲದ ಮೂರು ಸಿಲಿಂಡರಿನ ಟ್ರ್ಯಾಕ್ಟರಿಗೆ ಕಳೆದ ಬೇಸಿಗೆಯಲ್ಲಿ ಸುಮಾರು 48,000 ರೂಪಾಯಿ ಖರ್ಚಾಯಿತು. ಅದರಲ್ಲಿ ಈ ಬೇರಿಂಗ್ ಸೆಟ್ಟಿನ ಪಾಲು 1,100. ಮಿಕ್ಕ 46,900 ರೂಪಾಯಿ ಕೆಲಸಕ್ಕೆ ಬರುತ್ತದೋ ಮಣ್ಣುಪಾಲಾಗುತ್ತದೋ ಎನ್ನುವುದು ಬಹುಮಟ್ಟಿಗೆ ಆ ಸಣ್ಣ ಸಾಲಿನ ಮೇಲೆ ನಿಂತಿದೆ.

ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ಕ್ರ್ಯಾಂಕನ್ನು ಹಿಡಿಯುವ ಜಾಗದಲ್ಲಿ ಎರಡು ಅರೆವೃತ್ತದ ತೆಳ್ಳನೆ ತಗಡುಗಳಿರುತ್ತವೆ. ಅವೇ ಬಿಗ್ ಎಂಡ್ ಬೇರಿಂಗ್. ಬೆನ್ನು ಉಕ್ಕು, ಒಳಮೈ ಮೆದು ಲೋಹ. ಉಜ್ಜಾಟವಾದರೆ ಮೆದು ಲೋಹ ಸವೆಯಲಿ, ಕ್ರ್ಯಾಂಕ್ ಉಳಿಯಲಿ ಎಂದೇ ಹಾಗೆ ಮಾಡಿರುವುದು. ತವರ, ಆಂಟಿಮನಿ, ತಾಮ್ರ ಬೆರೆಸಿದ ಇಂಥ ಬಿಳಿ ಲೋಹವನ್ನು ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದ ಅಕ್ಕಸಾಲಿಗ ರೂಪಿಸಿದ್ದು 1839ರಲ್ಲಿ. ಈಗಿನ ಡೀಸೆಲ್ ಇಂಜಿನ್ನುಗಳಲ್ಲಿ ತಾಮ್ರ-ಸೀಸ ಅಥವಾ ಅಲ್ಯೂಮಿನಿಯಂ-ತವರದ ಪದರ ಬಂದಿದೆ, ಉದ್ದೇಶ ಅದೇ. ಹಣಕಾಸಿನ ಮಾತಿನಲ್ಲಿ ಹೇಳುವುದಾದರೆ ಕ್ರ್ಯಾಂಕ್ ಅಸಲು, ಬೇರಿಂಗ್ ಆಗಾಗ ಕಟ್ಟುವ ಬಡ್ಡಿ. ಬಡ್ಡಿ ಉಳಿಸಲು ಹೋಗಿ ಅಸಲು ಕರಗಿಸಬಾರದು.

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಇಂಜಿನ್ ಕಾದಾಗ ಆಯಿಲ್ ಪ್ರೆಶರ್ ಇಳಿಯತೊಡಗಿತ್ತು, ಕೆಳಗಿನಿಂದ ಮಂದವಾದ ಬಡಿತ ಕೇಳುತ್ತಿತ್ತು. ಹೊಲ ನೋಡಿಕೊಳ್ಳುವ ನನ್ನ ತಮ್ಮ ಅಂದೇ ಗಾಡಿ ನಿಲ್ಲಿಸಿದ. ಆ ಒಂದು ನಿರ್ಧಾರ ನಮಗೆ ಎಷ್ಟು ಉಳಿಸಿತೆಂದು ಸಂಪ್ ಇಳಿಸಿದಾಗ ಗೊತ್ತಾಯಿತು. ಬೇರಿಂಗಿನ ಬೂದು ಮೈ ನಡುವೆ ತಾಮ್ರ ಹೊಳೆಯುತ್ತಿತ್ತು. ಅಂದರೆ ಮೇಲಿನ ತೆಳು ಪದರ ಹೋಗಿದೆ, ಆದರೆ ಕಚ್ಚಿಲ್ಲ. ಉರಿಯ ಏಟೆಲ್ಲ ರಾಡಿನ ಕಡೆಯ ತಗಡಿನ ಮೇಲೆ ಬೀಳುವುದರಿಂದ ಕ್ಯಾಪಿನ (ರಾಡಿನ ಕೆಳಗಿನ ಮುಚ್ಚಳದ) ಕಡೆಯದಕ್ಕಿಂತ ಅದೇ ಹೆಚ್ಚು ಸವೆದಿತ್ತು. ಹಳೆಯ ಬೇರಿಂಗನ್ನು ಗುಜರಿಗೆ ಎಸೆಯುವ ಮುನ್ನ ಹೀಗೆ ಬೆಳಕಿಗೆ ಹಿಡಿದು ನೋಡಬೇಕು. ಸುತ್ತ ಗೀರುಗಳಿದ್ದರೆ ಆಯಿಲಿನಲ್ಲಿ ಮಣ್ಣು ಹೋಗಿದೆ. ಸುಟ್ಟು ಕಪ್ಪಾಗಿದ್ದರೆ ಆಯಿಲ್ ತಲುಪಿಲ್ಲ. ಒಂದು ಅಂಚು ಮಾತ್ರ ತಿಂದಿದ್ದರೆ ರಾಡ್ ಬಾಗಿರಬಹುದು. ಕಾರಣ ತಿಳಿಯದೆ ಹೊಸದು ಹಾಕಿದರೆ ಹೊಸದೂ ಹಾಗೇ ಹೋಗುತ್ತದೆ.

"ಗ್ರೈಂಡಿಂಗಿಗೆ ಕೊಟ್ಟುಬಿಡ್ರಿ ಸಾವ್ಕಾರ್ರ, ಇಪ್ಪತ್ತರ ಬೇರಿಂಗ್ ಹಾಕಿದ್ರ ಚಿಂತಿ ಇರಂಗಿಲ್ಲ" ಎಂದರು ಮಿಸ್ತ್ರಿ. ಅನುಭವಸ್ಥರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹತ್ತು, ಇಪ್ಪತ್ತು, ಮೂವತ್ತು ಎಂದರೆ ಇಂಚಿನ ಸಾವಿರದ ಲೆಕ್ಕ. ಬೇರಿಂಗಿನ ಬೆನ್ನ ಮೇಲೆ 0.25, 0.50, 0.75 ಎಂದು ಮಿಲಿಮೀಟರಿನಲ್ಲೂ ಅಚ್ಚಾಗಿರುತ್ತದೆ. ಕ್ರ್ಯಾಂಕನ್ನು ಅಷ್ಟು ತೆಳುವಾಗಿಸಿ, ಅಷ್ಟೇ ದಪ್ಪ ಹೆಚ್ಚಿರುವ ಬೇರಿಂಗ್ ಕೂರಿಸುವುದು ಪದ್ಧತಿ. ಆದರೆ ಕ್ರ್ಯಾಂಕ್ ತಾಳುವ ಗ್ರೈಂಡಿಂಗುಗಳು ಕೆಲವೇ. ಅಗತ್ಯವಿಲ್ಲದೆ ಒಂದು ಮೆಟ್ಟಿಲು ಇಳಿದರೆ ಅದು ಮತ್ತೆ ಬರುವುದಿಲ್ಲ.

ಹಾಗಾಗಿ ಬೇರಿಂಗ್ ಕೊಳ್ಳುವ ಮೊದಲು ಕ್ರ್ಯಾಂಕನ್ನು ಮಹಾಗಾಂವ ಕ್ರಾಸ್ ದಾಟಿಸಿ ಕಲಬುರಗಿಗೆ ತಂದೆವು. ಕಪನೂರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ಅಳೆದವರು ಒಬ್ಬ ತರುಣ. ಕ್ರ್ಯಾಂಕಿನಲ್ಲಿ ರಾಡ್ ಕೂರುವ ಪ್ರತಿ ಪಿನ್ನನ್ನು ಮೈಕ್ರೋಮೀಟರಿನಲ್ಲಿ ಎರಡೂ ಅಂಚಿಗೆ ಹಿಡಿದರು, ಕಾಲು ಸುತ್ತು ತಿರುಗಿಸಿ ಮತ್ತೆ ಹಿಡಿದರು, ಒಂದೊಂದು ಅಂಕಿಯನ್ನೂ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದರು. ಆ ಚೀಟಿಯನ್ನು ನಾನು ಬಿಲ್ಲಿನ ಜೊತೆ ಇಟ್ಟುಕೊಂಡಿದ್ದೇನೆ. ಮೂರೂ ಪಿನ್ನುಗಳು ಮ್ಯಾನುಯಲ್ ಕೊಟ್ಟ ಮಿತಿಯೊಳಗೇ ಇದ್ದವು. ಬರೀ ಪಾಲಿಶ್ ಸಾಕಾಯಿತು, ಸ್ಟ್ಯಾಂಡರ್ಡ್ ಬೇರಿಂಗೇ ಕೂತಿತು. ಅಳತೆಗೆ ಕೊಟ್ಟದ್ದು 300 ರೂಪಾಯಿ. ಇಡೀ ಕೆಲಸದಲ್ಲಿ ಇಷ್ಟು ಲಾಭ ತಂದ ಹಣ ಇನ್ನೊಂದಿಲ್ಲ.

ಬಿಡಿಭಾಗಗಳ ಅಂಗಡಿಯಲ್ಲಿ ಬೇರಿಂಗಿಗೆ ಮೂರು ದರ ಹೇಳಿದರು. ಡಬ್ಬಿಯಿಲ್ಲದ, ಬಿಲ್ಲಿಲ್ಲದ ಮಾಲು 450. ಹೆಸರಾಂತ ಬೇರಿಂಗ್ ತಯಾರಕರದು 1,100. ಟ್ರ್ಯಾಕ್ಟರ್ ಕಂಪನಿಯ ಸ್ವಂತ ಡಬ್ಬಿಯದು 1,700. ನಾನು ನಡುವಿನದನ್ನು ಬಿಲ್ ಸಮೇತ ಆರಿಸಿದೆ. ಅಗ್ಗದ ಮಾಲಿಗೂ ಇದಕ್ಕೂ ಅಂತರ 650 ರೂಪಾಯಿ. ವರ್ಷಕ್ಕೆ 600 ಗಂಟೆ ಓಡುವ ಗಾಡಿ ಐದು ವರ್ಷ ಬಾಳಿದರೂ 3,000 ಗಂಟೆ. ಗಂಟೆಗೆ 22 ಪೈಸೆಯೂ ಬೀಳುವುದಿಲ್ಲ. ಹೊಸ ಕ್ರ್ಯಾಂಕಿಗೆ ಅದೇ ಅಂಗಡಿಯವರು ಹೇಳಿದ ದರ 14,000.

ಕೂರಿಸುವಾಗ ಎದುರಿಗೆ ನಿಲ್ಲಿ. ಪಿನ್ನಿನ ವ್ಯಾಸದ ಒಂದೊಂದು ಇಂಚಿಗೂ ಇಂಚಿನ ಸಾವಿರದ ಒಂದು ಪಾಲಿನಷ್ಟು ಆಯಿಲ್ ಸಂದು ಬಿಡುವುದು ಹಳೆಯ ಅಂದಾಜು; ಕೊನೆಯ ಮಾತು ಮ್ಯಾನುಯಲ್ಲಿನದು. ಸಂದು ಹೆಚ್ಚಾಯಿತೆಂದು ಕ್ಯಾಪ್ ಉಜ್ಜುವುದು, ತಗಡಿನ ಹಿಂದೆ ಕಾಗದ ಇಡುವುದು ನಡೆಯುತ್ತದೆ. ಒಪ್ಪಲೇಬೇಡಿ. ಕ್ಯಾಪ್ ಉಜ್ಜಿದರೆ ರಾಡಿನ ದೊಡ್ಡ ತುದಿಯ ದುಂಡುತನವೇ ಕೆಡುತ್ತದೆ.

ಬೇರಿಂಗ್ ಎಲ್ಲ ಇಂಜಿನ್ನಿಗೂ ಒಂದೇ ಥರದ್ದಲ್ಲ. ಕೆಂಪು ಬಾಳೆಗೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟಿಗೆ ಮೇಲಿನ ಮಾತೆಲ್ಲ ಸಲ್ಲುತ್ತದೆ. ಕರಾವಳಿಯ ದೋಣಿಯ ಹಿಂದೆ ತೂಗುಹಾಕುವ ಟು ಸ್ಟ್ರೋಕ್ ಇಂಜಿನ್ನಿನಲ್ಲಿ, ನಮ್ಮ ಹಳೆಯ ಸ್ಕೂಟರಿನಂತೆ, ಆಯಿಲ್ ಇಂಧನದ ಜೊತೆಗೇ ಬರುವುದರಿಂದ ಅಲ್ಲಿ ಸೂಜಿಯಂಥ ರೋಲರ್ ಬೇರಿಂಗ್ ಇರುತ್ತದೆ. ಫೋರ್ ಸ್ಟ್ರೋಕ್ ದೋಣಿ ಇಂಜಿನ್ನಿಗೆ ಮತ್ತೆ ತಗಡಿನದೇ. ಹಲವು ಕಂಪನಿಗಳು ಅದಕ್ಕೆ ಬಣ್ಣದ ಗುರುತು ಹಾಕಿ, ಅಳತೆಗೆ ತಕ್ಕ ಬಣ್ಣ ಆರಿಸಿ ಎನ್ನುತ್ತವೆ. ಅಲ್ಲೂ ಅಳತೆಯೇ ಮೊದಲು.

ಇನ್ನು ಹಣ ಎಲ್ಲಿಂದ ತರುವುದು? ನಮ್ಮ ಕಡೆ ಕೈಸಾಲ ನೂರಕ್ಕೆ ಮೂರರಂತೆ ಸಿಗುತ್ತದೆ. 40,000 ತಂದರೆ ತಿಂಗಳಿಗೆ 1,200. ಏಪ್ರಿಲ್‌ನಲ್ಲಿ ತಂದು ತೊಗರಿ ಮಾರಿದ ಮೇಲೆ ಜನವರಿಯಲ್ಲಿ ತೀರಿಸಿದರೆ ಬಡ್ಡಿಯೇ 10,800. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಲೆಕ್ಕ ಹಾಕುವಾಗ ಬೆಳೆ ಖರ್ಚಿನ ಮೇಲೆ ಶೇ 20ರಷ್ಟನ್ನು ಕೃಷಿ ಆಸ್ತಿಯ ದುರಸ್ತಿ, ನಿರ್ವಹಣೆಗೆಂದೇ ಸೇರಿಸಲು ಅವಕಾಶವಿದೆ. ಬೆಳೆ ಲೆಕ್ಕ 2 ಲಕ್ಷವಿದ್ದರೆ ದುರಸ್ತಿಗೆ 40,000. 3 ಲಕ್ಷದವರೆಗಿನ ಸಾಲವನ್ನು ಸಕಾಲಕ್ಕೆ ತೀರಿಸಿದರೆ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. ಅದೇ ಒಂಬತ್ತು ತಿಂಗಳಿಗೆ 1,200 ರೂಪಾಯಿ. ಕೈಸಾಲದವರಿಗೆ ಒಂದು ತಿಂಗಳಿಗೆ ಕೊಡುವಷ್ಟು. ಎಷ್ಟೋ ರೈತರಿಗೆ ಈ ದುರಸ್ತಿ ಪಾಲಿನ ಸುದ್ದಿಯೇ ಗೊತ್ತಿಲ್ಲ, ಅದು ನನಗೆ ನೋವಿನ ಸಂಗತಿ.

ಮುಂಗಾರಿಗೆ ಮೊದಲು ಇಂಜಿನ್ ಬಿಚ್ಚಿಸುವವರು ಈ ವಾರವೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, ನಿಮ್ಮ ಕಾರ್ಡಿನ ಮಿತಿಯಲ್ಲಿ ದುರಸ್ತಿ ಪಾಲು ಸೇರಿದೆಯೇ ಎಂದು ಕೇಳಿ. ಸೇರಿಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ.