ನಿದ್ರೆ, ಆತಂಕದ ಮಾತ್ರೆಗಳ ಅಮಲು: ಗುರುತಿಸುವುದು ಹೇಗೆ?

1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಮಾರುಕಟ್ಟೆಗೆ ಬಂದವು. ಎರಡರ ಹಿಂದೆಯೂ ಇದ್ದವರು ರೋಶ್ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್. ಬೆಂಜೊಡೈಯಜೆಪೀನ್ ಗುಂಪಿನ ಈ ಔಷಧಗಳು ಮಿದುಳಿನ ಗಾಬಾ-ಎ ಗ್ರಾಹಕಗಳ ಮೂಲಕ ನರಕೋಶಗಳ ಉದ್ರೇಕವನ್ನು ತಗ್ಗಿಸುತ್ತವೆ. ಅಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್ ಇದೇ ಬಳಗದವು.

ಅತಿಸೇವನೆಯ ಲಕ್ಷಣಗಳು: ತೊದಲು ಮಾತು, ತೂರಾಡುವ ನಡಿಗೆ, ಕಣ್ಣುಗುಡ್ಡೆಗಳ ಅದುರಾಟ, ಮರೆವು, ಮಂಪರು, ತೀವ್ರವಾದರೆ ಪ್ರಜ್ಞಾಹೀನತೆ.

ಕುಡಿದವರಲ್ಲೂ ಇವೇ ಲಕ್ಷಣಗಳಿರುತ್ತವೆ. ಆದ್ದರಿಂದ ವೈದ್ಯರು ಮೊದಲು ಉಸಿರಾಟ, ನಾಡಿ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ನೋಡುತ್ತಾರೆ. ಪ್ರಜ್ಞೆಯ ಮಟ್ಟವನ್ನು 3ರಿಂದ 15 ಅಂಕಗಳ ಗ್ಲಾಸ್ಗೋ ಕೋಮಾ ಮಾಪಕದಿಂದ ಅಳೆಯುತ್ತಾರೆ. ಸೂಜಿಮೊನೆಯಷ್ಟು ಕಿರಿದಾದ ಪಾಪೆ, ನಿಧಾನ ಉಸಿರಾಟ ಕಂಡರೆ ಅಫೀಮು ವರ್ಗದ ಔಷಧದ ಶಂಕೆ ಮೂಡುತ್ತದೆ. ಅದಕ್ಕೆ ಪ್ರತಿವಿಷ ನಾಲೋಕ್ಸೋನ್. ಬೆಂಜೊಡೈಯಜೆಪೀನ್ ಒಂದನ್ನೇ ನುಂಗಿದವರಲ್ಲಿ ಉಸಿರಾಟ ಸಾಮಾನ್ಯವಾಗಿ ಅಷ್ಟು ಕುಸಿಯದು. ಮದ್ಯ ಅಥವಾ ಅಫೀಮು ಬೆರೆತರೆ ಪ್ರಾಣಕ್ಕೇ ಕುತ್ತು.

ಮೂತ್ರ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ. ಲೊರಾಜೆಪಾಮ್, ಕ್ಲೊನಾಜೆಪಾಮ್ ಅದರ ಕಣ್ಣು ತಪ್ಪಿಸಬಹುದು. ಫಲಿತಾಂಶ ಪಾಸಿಟಿವ್ ಬಂದರೂ ಅದು ಸೇವನೆಗೆ ಪುರಾವೆಯೇ ಹೊರತು ಸದ್ಯದ ಅಮಲಿಗಲ್ಲ.

ಬೆಂಜೊಡೈಯಜೆಪೀನ್‌ಗೆ ಪ್ರತಿವಿಷ ಫ್ಲುಮಜೆನಿಲ್. ಆದರೆ ದೀರ್ಘಕಾಲ ಮಾತ್ರೆ ಸೇವಿಸಿದವರಲ್ಲಿ ಇದು ಅಪಸ್ಮಾರದಂಥ ಸೆಳೆತ ತರಬಹುದು. ಹಾಗಾಗಿ ಶ್ವಾಸಮಾರ್ಗ ಕಾಪಾಡಿ ಉಸಿರಾಟಕ್ಕೆ ನೆರವಾಗುವುದೇ ಮುಖ್ಯ ಚಿಕಿತ್ಸೆ.

ಭಾರತದಲ್ಲಿ ಡಯಾಜೆಪಾಮ್ (ವ್ಯಾಲಿಯಂ), ಅಲ್ಪ್ರಜೋಲಾಮ್ ಮುಂತಾದವು 2013ರಲ್ಲಿ ಪ್ರಕಟವಾದ ಎಚ್1 ಅನುಸೂಚಿಯಲ್ಲಿವೆ: ವೈದ್ಯರ ಚೀಟಿ ಕಡ್ಡಾಯ, ಮಾರಾಟದ ದಾಖಲೆಯನ್ನು 3 ವರ್ಷ ಇಡಬೇಕು. ಯಾರಾದರೂ ಮಾತ್ರೆ ನುಂಗಿ ಎಚ್ಚರಗೊಳ್ಳದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ. ಖಾಲಿ ಸ್ಟ್ರಿಪ್ ಜೊತೆಗೊಯ್ಯಿರಿ.