ಕ್ಲಚ್‌ಗೆ ಹಾಕುವ ದುಡ್ಡು: ಯಾವಾಗ ಸಾರ್ಥಕ, ಯಾವಾಗ ದಂಡ

ಕೊಡಗಿನಲ್ಲಿ ಬೈಕ್ ರಿಪೇರಿ ಮಾಡುವವನ ಹತ್ತಿರ ಮಳೆಗಾಲ ಮುಗಿಯುತ್ತಿದ್ದಂತೆ ಬರುವ ದೂರುಗಳಲ್ಲಿ ಕ್ಲಚ್ಚಿನದೇ ಹೆಚ್ಚು. "ಅಣ್ಣ, ಏರಿನಲ್ಲಿ ಗಾಡಿ ಎಳೀತಿಲ್ಲ, ಒಳ್ಳೇ ಕ್ಲಚ್ಚೇ ಹಾಕಿಸಿಬಿಡ್ಲಾ?" ಎಂದು ಹುಡುಗರು ಮೊಬೈಲಿನಲ್ಲಿ ಹೊರದೇಶದ ಕಿಟ್‌ನ ಚಿತ್ರ ತೋರಿಸುತ್ತಾರೆ. ತೋಟದಲ್ಲೋ ಹೋಂಸ್ಟೇಯಲ್ಲೋ ದುಡಿದು ಕೂಡಿಟ್ಟ ದುಡ್ಡು ಅದು. ಬೇಡದ ಕಡೆ ಹೋಗಬಾರದು ಎನ್ನುವ ಕಾಳಜಿಯಿಂದ, ಈ ಕೆಲಸದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ರೋಗ ಗೊತ್ತಾಗದೆ ಔಷಧಿ ಕೊಳ್ಳಬೇಡಿ

"ಕ್ಲಚ್ ಸರಿ ಇಲ್ಲ" ಎಂಬ ಒಂದೇ ಮಾತಿನ ಒಳಗೆ ಬೇರೆ ಬೇರೆ ತೊಂದರೆಗಳಿರುತ್ತವೆ. ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆಗೆ ಏರುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ನೋಡಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಲಿವರ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದಕ್ಕೆ ತೆವಳಿದರೆ, ನಿಂತಾಗ ನ್ಯೂಟ್ರಲ್ ಸಿಗದೆ ಒದ್ದಾಡಿಸಿದರೆ, ಪ್ಲೇಟುಗಳು ಬಿಟ್ಟುಕೊಳ್ಳುತ್ತಿಲ್ಲ. ಹೊರಡುವಾಗ ನಡುಗಿದರೆ ಅದು ಇನ್ನೊಂದು ಬಗೆಯ ತೊಂದರೆ. ಸದ್ದೂ ಏರದೆ ವೇಗವೂ ಏರದೆ ಗಾಡಿ ಸುಮ್ಮನೆ ಸೋತರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಹಿಡಿದುಕೊಂಡ ಬ್ರೇಕ್ ನೋಡಬೇಕು. ಅದಕ್ಕೆ ಕ್ಲಚ್ ಬದಲಿಸಿ ಪ್ರಯೋಜನವಿಲ್ಲ.

2. ಕೇಬಲ್ ಮತ್ತು ಆಯಿಲ್ ನೋಡದೆ ಕವರ್ ಬಿಚ್ಚಬೇಡಿ

ಭಾಗಮಂಡಲ, ನಾಪೋಕ್ಲು ಕಡೆಯ ಗಾಡಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತಲೇ ಇರುತ್ತವೆ. ನೀರು ಕೇಬಲ್ಲಿನೊಳಗೆ ಇಳಿದು ತುಕ್ಕು ಹಿಡಿಯುತ್ತದೆ, ಲಿವರ್ ಕಲ್ಲಾಗುತ್ತದೆ. ಸವಾರನಿಗೆ ಅದು ಕ್ಲಚ್ಚೇ ಗಟ್ಟಿಯಾದಂತೆ ಅನಿಸುತ್ತದೆ. ಕಂಪನಿಯ ಹೊಸ ಕೇಬಲ್ ಕೆಲವೇ ನೂರು ರೂಪಾಯಿ. ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ಆಟ ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಳತೆ ಇರುತ್ತದೆ. ಆಟವೇ ಇಲ್ಲದಂತೆ ಬಿಗಿದರೆ ಪ್ಲೇಟು ಸದಾ ಅರ್ಧ ಬಿಟ್ಟುಕೊಂಡೇ ಇದ್ದು ಸುಡುತ್ತದೆ.

ಆಯಿಲ್ ಇನ್ನೂ ಮುಖ್ಯ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಸ್ಕೂಟರಿಗೆ. ಮನೆಯ ಕಾರಿಗೆ ತಂದು ಮಿಕ್ಕಿದ ಆಯಿಲ್ ಬೈಕಿಗೆ ಸುರಿಯುವ ಅಭ್ಯಾಸ ತೋಟದ ಮನೆಗಳಲ್ಲಿ ಇದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ. ಇಂಜಿನ್ನಿಗೆ ಅದು ಒಳ್ಳೆಯದೇ, ಆದರೆ ಕ್ಲಚ್ ಕೆಲಸ ಮಾಡುವುದೇ ಘರ್ಷಣೆಯಿಂದ. ಹಳೇ ಎರಕದ ಇಂಜಿನ್ನಿನ ಬುಲೆಟ್ ಇದ್ದವರು ಕ್ಲಚ್ ಇರುವ ಎಡಗಡೆ ಕೇಸಿನ ಆಯಿಲ್ಲೇ ಬೇರೆ ಎಂಬುದನ್ನು ಮರೆಯಬಾರದು.

3. ಪ್ಲೇಟ್ ಸುಡುವುದು ಹಾಫ್ ಕ್ಲಚ್ಚಿನಲ್ಲಿ

ಮಾಂದಲಪಟ್ಟಿ ಕಡೆಯ ಕಲ್ಲು ದಾರಿ, ಕಕ್ಕಬ್ಬೆಯ ತೋಟದ ಕೆಸರು ದಾರಿ. ಇಲ್ಲಿ ಮೊದಲನೇ ಗೇರು ಕೂಡ ಜಾಸ್ತಿ ವೇಗ ಎನಿಸುತ್ತದೆ. ಸವಾರ ಲಿವರನ್ನು ಅರ್ಧ ಹಿಡಿದೇ ಸಾಗುತ್ತಾನೆ, ಹಿಂದೆ ಒಬ್ಬರು, ಕ್ಯಾರಿಯರಿನಲ್ಲಿ ಒಂದು ಮೂಟೆ. ಆ ಹೊತ್ತಿನಲ್ಲಿ ಪ್ಲೇಟುಗಳ ನಡುವೆ ಹುಟ್ಟುವ ಬಿಸಿಯನ್ನು ದುಬಾರಿ ಕ್ಲಚ್ಚೂ ಬಹಳ ಹೊತ್ತು ತಡೆಯಲಾರದು.

ಇದಕ್ಕೆ ನಾನು ಹೇಳುವ ಮೊದಲ ಪರಿಹಾರ ಮುಂದಿನ ಸ್ಪ್ರಾಕೆಟ್. 15 ಹಲ್ಲಿನದನ್ನು ತೆಗೆದು 14ರದ್ದು ಹಾಕಿದರೆ ಪ್ರತಿ ಗೇರಿನಲ್ಲೂ ಎಳೆತ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಮೊದಲನೇ ಗೇರಿನಲ್ಲಿ ಲಿವರ್ ಪೂರ್ತಿ ಬಿಟ್ಟು ನಿಧಾನವಾಗಿ ಏರುವುದು ಸಾಧ್ಯವಾಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಇಂಜಿನ್ ಸ್ವಲ್ಪ ಹೆಚ್ಚು ಕೂಗುತ್ತದೆ, ಅಷ್ಟೇ. ತೋಟದಲ್ಲೇ ಓಡುವ ಗಾಡಿಗೆ ಅದೇನೂ ನಷ್ಟವಲ್ಲ.

4. ಬಿಚ್ಚಿದ ಮೇಲೆ ಎಲ್ಲವನ್ನೂ ಅಳೆಯಿರಿ

ಫ್ರಿಕ್ಷನ್ ಪ್ಲೇಟಿನ ದಪ್ಪ, ಸ್ಪ್ರಿಂಗಿನ ಉದ್ದ ಎರಡಕ್ಕೂ ಪುಸ್ತಕದಲ್ಲಿ ಮಿತಿ ಇರುತ್ತದೆ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಫೀಲರ್ ಗೇಜ್ ತೂರಿಸಿದರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀಲಿ ಕಲೆ ಬಿದ್ದಿದ್ದರೆ ಅದು ಕಾದು ಸುಟ್ಟದ್ದು, ತೆಗೆದುಬಿಡಿ. ಪ್ಲೇಟುಗಳು ಕೂರುವ ಬ್ಯಾಸ್ಕೆಟ್ಟಿನ ಸೀಳುಗಳಲ್ಲಿ ಪ್ಲೇಟಿನ ಕಿವಿಗಳು ಹೊಡೆದು ಗುಂಡಿ ಮಾಡಿರುತ್ತವೆ. ಆ ಗುಂಡಿಗೆ ಸಿಕ್ಕಿ ಪ್ಲೇಟು ಸರಾಗವಾಗಿ ಜಾರುವುದಿಲ್ಲ. ಬ್ಯಾಸ್ಕೆಟ್ ಹಾಗೇ ಬಿಟ್ಟು ದುಬಾರಿ ಪ್ಲೇಟು ಹಾಕಿಸಿದವರ ತೊಂದರೆ ಹಾಗೆಯೇ ಉಳಿದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹೊಸ ಪ್ಲೇಟನ್ನು ಆಯಿಲಿನಲ್ಲಿ ನೆನೆಸಿಯೇ ಕೂರಿಸಬೇಕು. ಒಣದಾಗಿ ಹಾಕಿದರೆ ಮೊದಲ ಏರಿನಲ್ಲೇ ಸುಡಬಹುದು.

ಕಂಪನಿಯ ಪ್ಲೇಟು, ಸ್ಪ್ರಿಂಗು, ಅಗತ್ಯವಿದ್ದರೆ ಬ್ಯಾಸ್ಕೆಟ್ಟು: ಸಾಧಾರಣ ಬೈಕಿಗೆ ಇಷ್ಟು ಸಾಕು.

5. ಗಟ್ಟಿ ಸ್ಪ್ರಿಂಗ್ ಕೈಗೆ ಭಾರ

ಇದು ಅಗ್ಗದ ಅಪ್‌ಗ್ರೇಡ್. ಒತ್ತಡ ಹೆಚ್ಚಿ ಹಿಡಿತವೂ ಹೆಚ್ಚುತ್ತದೆ. ಆದರೆ ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಮತ್ತೆ ಹತ್ತುವಷ್ಟರಲ್ಲಿ ಎಡಗೈ ಬೆರಳು ಮರಗಟ್ಟುತ್ತದೆ. ಇಂಜಿನ್ನಿನ ಶಕ್ತಿ ಹೆಚ್ಚಿಸಿದವರಿಗೆ ಬೇಕಾಗಬಹುದು. ಉಳಿದವರಿಗೆ ನಾನು ಹಾಕಿಕೊಡುವುದಿಲ್ಲ.

6. ಸ್ಲಿಪ್ಪರ್ ಕ್ಲಚ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಘಾಟಿಯಲ್ಲಿ ಸುಳ್ಯಕ್ಕೆ ಇಳಿದರೆ ಸಾವಿರ ಮೀಟರಿನಷ್ಟು ಕೆಳಗೆ ಬಂದಿರುತ್ತೇವೆ. ಆ ತಿರುವುಗಳಲ್ಲಿ ಅವಸರದಿಂದ ಗೇರ್ ಇಳಿಸಿ ಲಿವರ್ ತಟ್ಟನೆ ಬಿಟ್ಟರೆ ಹಿಂಚಕ್ರ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಸ್ಲಿಪ್ಪರ್ ಕ್ಲಚ್ಚಿನ ಒಳಗಿರುವ ಇಳಿಜಾರು ಕಚ್ಚುಗಳು, ಚಕ್ರವೇ ಇಂಜಿನ್ನನ್ನು ತಿರುಗಿಸಲು ಹೊರಟಾಗ ಪ್ಲೇಟುಗಳನ್ನು ಸ್ವಲ್ಪ ಬಿಡಿಸುತ್ತವೆ. ಅಸಿಸ್ಟ್ ಕೂಡ ಇದ್ದರೆ, ಇಂಜಿನ್ ಎಳೆಯುವಾಗ ಅಂಥವೇ ಕಚ್ಚುಗಳು ಪ್ಲೇಟುಗಳನ್ನು ಒತ್ತಿ ಹಿಡಿಯುತ್ತವೆ. ಆದ್ದರಿಂದ ಮೆದು ಸ್ಪ್ರಿಂಗ್ ಸಾಕಾಗಿ ಲಿವರ್ ಹಗುರಾಗುತ್ತದೆ.

ಒಳ್ಳೆಯ ವಸ್ತುವೇ. ಆದರೆ ಅದಕ್ಕೂ ಏರಿನ ಎಳೆತಕ್ಕೂ ಸಂಬಂಧವಿಲ್ಲ, ಹಾಫ್ ಕ್ಲಚ್ಚಿನ ಬಿಸಿಯನ್ನೂ ಅದು ತಪ್ಪಿಸುವುದಿಲ್ಲ. ಜೊತೆಗೆ ರಾಯಲ್ ಎನ್‌ಫೀಲ್ಡ್‌ನ 650 ಗಾಡಿಗಳು, ಹೊಸ ಹಿಮಾಲಯನ್ 450, 2020ರಲ್ಲಿ ಬಂದ ಹೋಂಡಾ ಹೈನೆಸ್ 350, ಯಮಹಾ ಆರ್15ರ ಮೂರನೇ ಆವೃತ್ತಿಯಿಂದ ಮುಂದಿನವು ಕಾರ್ಖಾನೆಯಿಂದಲೇ ಇದನ್ನು ಹೊತ್ತು ಬರುತ್ತವೆ. ಹೊರಗಿನಿಂದ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ, ಗೇರ್ ಇಳಿಸುವಾಗ ಆಕ್ಸಿಲರೇಟರ್ ಒಮ್ಮೆ ತುಸು ತಿರುಗಿಸಿ ಲಿವರನ್ನು ಮೆಲ್ಲಗೆ ಬಿಡುವುದನ್ನು ಕಲಿಯಿರಿ.

7. ಆಟೋ ಕ್ಲಚ್ ಬೇಕೆನ್ನುವವರು ಇಳಿಜಾರನ್ನು ನೆನೆಯಬೇಕು

ಲಿವರ್ ಮುಟ್ಟದೆ ಗೇರ್ ಹಾಕುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರನ್ನು ಕಾಲಲ್ಲಿ ಒತ್ತಿದಾಗಲೇ ಕ್ಲಚ್ ಬಿಟ್ಟುಕೊಳ್ಳುವ ವ್ಯವಸ್ಥೆ ಇತ್ತು. ನಿಲ್ಲಿಸಲು, ಹೊರಡಲು ಮಾತ್ರ ಕೈ ಬೇಕಿತ್ತು.

ಈಗ ಅಮೆರಿಕದ ರೆಕ್ಲೂಸ್ ಮಾರುವ ಕಿಟ್‌ಗಳು ಬೇರೆ ಬಗೆಯವು. ಇಂಜಿನ್ ವೇಗ ಏರಿದಾಗ ಒಳಗಿನ ತೂಕಗಳು ಹೊರಕ್ಕೆ ಸರಿದು ಪ್ಲೇಟುಗಳನ್ನು ಒತ್ತುತ್ತವೆ, ವೇಗ ಇಳಿದಾಗ ತಾವೇ ಬಿಡುತ್ತವೆ. ಕಲ್ಲು ದಾರಿಯಲ್ಲಿ ಗಾಡಿ ಆಫ್ ಆಗುವುದೇ ಇಲ್ಲ. ಅದು ದೊಡ್ಡ ಅನುಕೂಲ. ಆದರೆ ಕಡಿದಾದ ಇಳಿಜಾರಿನಲ್ಲಿ ಇಂಜಿನ್ ವೇಗ ತೀರ ಕೆಳಗಿಳಿದರೆ ಕ್ಲಚ್ ಬಿಟ್ಟುಕೊಂಡು ಇಂಜಿನ್ ಬ್ರೇಕಿಂಗ್ ಹೋಗಿಬಿಡುತ್ತದೆ. ಆಕ್ಸಿಲರೇಟರ್ ತುಸು ತಿರುಗಿಸಿ ಮತ್ತೆ ಹಿಡಿಸಬೇಕು. ಗೇರಿನಲ್ಲಿಟ್ಟು ನಿಲ್ಲಿಸಿದರೂ ಗಾಡಿ ಇಳಿಜಾರಿನಲ್ಲಿ ಉರುಳುತ್ತದೆ. ಬ್ಯಾಟರಿ ಕೈಕೊಟ್ಟಾಗ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ. ಸಮತಟ್ಟು ಊರಿನವರಿಗೆ ಇವು ಚಿಕ್ಕ ವಿಷಯ ಇರಬಹುದು, ಕೊಡಗಿನಲ್ಲಿ ಅಲ್ಲ. ಅಮೆರಿಕದಲ್ಲೇ ಹಲವು ನೂರು ಡಾಲರ್ ಬೆಲೆಯ ಈ ಕಿಟ್‌ಗೆ ಸಾಗಣೆ, ಸುಂಕ ಸೇರಿದರೆ ಒಂದು ಹಳೇ ಬೈಕಿನ ದುಡ್ಡಾಗುತ್ತದೆ.

8. ಯಾರಿಗೆ "ಹಾಕಿಸಿ" ಎನ್ನುತ್ತೇನೆ

ಎಡಗೈಗೆ ಪೆಟ್ಟಾಗಿ ಹಿಡಿತ ಕಳೆದುಕೊಂಡವರಿಗೆ, ಸಂಧಿವಾತದವರಿಗೆ, ಮೇಲೆ ಹೇಳಿದ ಎಚ್ಚರಿಕೆಗಳನ್ನೆಲ್ಲ ತಿಳಿಸಿ ಆಟೋ ಕ್ಲಚ್ ಹಾಕಿಸಿ ಎನ್ನುತ್ತೇನೆ. ಗಾಡಿ ಓಡಿಸುವುದನ್ನೇ ಬಿಡುವ ಬದಲು ಆ ದುಡ್ಡು ಖರ್ಚಾಗಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಸ್ಪರ್ಧೆಗಿಳಿಯುವ ಹುಡುಗರಿಗೆ, ಇಂಜಿನ್ ಟ್ಯೂನ್ ಮಾಡಿಸಿದ್ದರೆ, ಗಟ್ಟಿ ಬ್ಯಾಸ್ಕೆಟ್ ಮತ್ತು ಪ್ಲೇಟಿನ ಸೆಟ್ ಸಾರ್ಥಕ. ದಿನವೂ ಘಾಟಿ ಇಳಿದು ಕೆಲಸಕ್ಕೆ ಹೋಗುವವರು, ಪ್ಲೇಟು ಹೇಗೂ ಬದಲಿಸಬೇಕಾದ ಹೊತ್ತಿನಲ್ಲಿ ತಮ್ಮ ಗಾಡಿಗೇ ಹೊಂದುವ ಸ್ಲಿಪ್ಪರ್ ಸಿಕ್ಕರೆ ಯೋಚಿಸಬಹುದು, ಕೂಲಿಯೂ ಒಂದೇ ಸಲಕ್ಕೆ ಮುಗಿಯುತ್ತದೆ.

ದುಡ್ಡು ಕೊಡುವ ಮೊದಲು ಮಾರುವವರನ್ನು ಒಂದು ಕೇಳಿ: ಇದರ ಪ್ಲೇಟು ಸವೆದರೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟು ದಿನಕ್ಕೆ ಬರುತ್ತದೆ? ತಿಂಗಳುಗಟ್ಟಲೆ ಕಾಯಬೇಕೆಂದಾದರೆ ಮಳೆಗಾಲಕ್ಕೆ ಮುಂಚೆಯೇ ಇನ್ನೊಂದು ಸೆಟ್ ತರಿಸಿಟ್ಟುಕೊಳ್ಳಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಬಿಚ್ಚಿದ ಹಳೇ ಕ್ಲಚ್ಚನ್ನು ಗುಜರಿಗೆ ಹಾಕಬೇಡಿ. ಆಯಿಲ್ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ, ಹೊಸದು ಕೈಕೊಟ್ಟ ದಿನ ಅದನ್ನೇ ಕೂರಿಸಬಹುದು.