ನೇಗಿಲಿನಿಂದ ಹುಟ್ಟಿದ ಶಾಸ್ತ್ರಗಳು



ಓದಿದವನಿಗೆ ಹೊಲ ಬೇಡ, ಹೊಲದವನಿಗೆ ಓದು ಬೇಡ ಎಂದು ಹೇಳುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಈ ಮಾತಿನಿಂದ ಎರಡು ಕಡೆಗೂ ನಷ್ಟವೇ. ಓದಿದ ಮಗನು ಮಣ್ಣು ಮುಟ್ಟಲು ನಾಚುತ್ತಾನೆ. ಉಳುವ ತಂದೆಯು ಯಾರೋ ಹೇಳಿದ ಬೀಜವನ್ನೂ ಗೊಬ್ಬರವನ್ನೂ ಪರೀಕ್ಷಿಸದೆ ಕೊಂಡು, ಬೆಳೆ ಕೈಕೊಟ್ಟಾಗ ಸಾಲಕ್ಕೆ ಗುರಿಯಾಗುತ್ತಾನೆ. ಆದರೆ ಶಾಲೆಯಲ್ಲಿ ನಮ್ಮ ಮಕ್ಕಳು ಕಲಿಯುವ ಶಾಸ್ತ್ರಗಳಲ್ಲಿ ಹಲವು ಹುಟ್ಟಿದ್ದೂ ಬೆಳೆದದ್ದೂ ಹೊಲದಲ್ಲಿಯೇ. ರೈತನು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಅವು ದೊಡ್ಡವಾದುವು. ಅದು ಹೇಗೆ, ಅದರಿಂದ ಈಗ ನಮಗೇನು ಪ್ರಯೋಜನ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಚಾಮರಾಜನಗರದ ಸಮೀಪದ ಹರದನಹಳ್ಳಿಯನ್ನು ನಾಡು ಬಲ್ಲದ್ದು ದಿವ್ಯಲಿಂಗೇಶ್ವರ ದೇವಾಲಯದಿಂದ ಮತ್ತು ತೋಂಟದ ಸಿದ್ಧಲಿಂಗ ಯತಿಗಳ ಹೆಸರಿನಿಂದ. ಈಗ ಅದೇ ಊರಿನ ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆ ಕೇಂದ್ರದ ಬಾಗಿಲು ರೈತನಿಗೆ ಹೊರಗಿನವರ ಮನೆಯ ಬಾಗಿಲಲ್ಲ. ಒಳಗಿರುವ ವಿದ್ಯೆಗೆ ಮೂಲಪುರುಷರು ನಮ್ಮಂಥ ಬೇಸಾಯಗಾರರೇ.

ಕಣಜ ತುಂಬಿದಾಗ

ಮೊದಲು ಮನುಷ್ಯನು ಬೇಟೆಯಾಡಿ, ಗೆಡ್ಡೆ ಗೆಣಸು ಆರಿಸಿ ಬದುಕುತ್ತಿದ್ದನು. ಬೀಜ ಬಿತ್ತಲು ಕಲಿತ ಮೇಲೆ ಒಂದೆಡೆ ನಿಂತನು. ನಮಗೆ ಹತ್ತಿರದ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಯರ ಸಂಗಮದ ಬಳಿ, ೧೯೫೯ರಲ್ಲಿ ಅಗೆದು ನೋಡಿದಾಗ ನವಶಿಲಾಯುಗದ ಜನರು ವಾಸಿಸಿದ್ದ ಕುರುಹುಗಳು ಸಿಕ್ಕಿದುವು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಆ ಕಾಲದ ಸುಟ್ಟು ಕರಿಯಾದ ಹುರುಳಿ ಮತ್ತು ಹೆಸರು ಕಾಳುಗಳು ದೊರೆತಿವೆ. ಅಂದರೆ ನಾವು ಈಗಲೂ ಬಿತ್ತುವ ಹುರುಳಿಯನ್ನು ಕನ್ನಡ ನಾಡಿನಲ್ಲಿ ಸುಮಾರು ೪,೦೦೦ ವರ್ಷಗಳ ಹಿಂದೆಯೇ ಬೆಳೆಯುತ್ತಿದ್ದರು.

ಉಂಡು ಮಿಕ್ಕ ಕಾಳು ಕಣಜ ಸೇರಿದ ಮೇಲೆ ಎಲ್ಲರೂ ಉಳಬೇಕಾದ ಅಗತ್ಯ ಉಳಿಯಲಿಲ್ಲ. ಕುಂಬಾರ, ಕಮ್ಮಾರ, ನೇಕಾರ, ವೈದ್ಯ, ಉಪಾಧ್ಯಾಯ ಇವರೆಲ್ಲರಿಗೂ ಅನ್ನ ಸಿಕ್ಕಿದ್ದು ಆ ಮಿಗುತಾಯದಿಂದಲೇ. ಊರು, ಪೇಟೆ, ರಾಜ್ಯಗಳು ನಿಂತದ್ದೂ ಅದರ ಮೇಲೆಯೇ.

ಲೆಕ್ಕ, ಅಳತೆ, ಕಾಲ

ಕಣಜ ತುಂಬಿದೊಡನೆ ಲೆಕ್ಕ ಬೇಕಾಯಿತು. ಎಷ್ಟು ಬಂತು? ಯಾರ ಪಾಲು ಎಷ್ಟು? ಬೀಜಕ್ಕೆ ಎಷ್ಟು ಉಳಿಯಿತು? ಇಂದಿನ ಇರಾಕ್ ದೇಶದಲ್ಲಿ ಸುಮಾರು ೫,೦೦೦ ವರ್ಷಗಳ ಹಿಂದಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಬಾರ್ಲಿ ಧಾನ್ಯ ಮತ್ತು ದನಕುರಿಗಳ ಲೆಕ್ಕ. ಆ ನಾಡಿನಲ್ಲಿ ಬರಹವು ಕಥೆ ಬರೆಯಲು ಹುಟ್ಟಲಿಲ್ಲ, ಕಣಜದ ಲೆಕ್ಕ ಇಡಲು ಹುಟ್ಟಿತು.

ಎರಡನೆಯದು ಅಳತೆ. ಈಜಿಪ್ಟಿನಲ್ಲಿ ನೈಲ್ ನದಿಯ ಪ್ರವಾಹವು ಹೊಲವನ್ನು ಕೊಚ್ಚಿಕೊಂಡು ಹೋದರೆ, ಎಷ್ಟು ಭೂಮಿ ಹೋಯಿತೆಂದು ಅಳೆದು ಅದಕ್ಕೆ ತಕ್ಕಂತೆ ಕಂದಾಯ ಇಳಿಸುತ್ತಿದ್ದರು. ರೇಖಾಗಣಿತ ಹುಟ್ಟಿದ್ದು ಇದರಿಂದಲೇ ಎಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆದಿದ್ದಾನೆ. ಆ ಶಾಸ್ತ್ರಕ್ಕೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ 'ಭೂಮಿಯ ಅಳತೆ'. ನಮ್ಮ ಶಾಸನಗಳಲ್ಲಿಯೂ ಹೊಲವನ್ನು ಹಿಡಿಸುವ ಬೀಜದ ಲೆಕ್ಕದಲ್ಲಿ, ಇಷ್ಟು ಖಂಡುಗ, ಇಷ್ಟು ಕೊಳಗ ಎಂದು ಹೇಳಿರುವುದುಂಟು. ಕೆರೆಯನ್ನು ಸುಸ್ಥಿತಿಯಲ್ಲಿಡಲು ಬಿಟ್ಟ ಭೂಮಿಗೆ 'ಬಿತ್ತುವಟ್ಟ' ಎಂಬ ಹೆಸರಿತ್ತು.

ಮೂರನೆಯದು ಕಾಲಗಣನೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳನ್ನು ಹೆಸರಿಸುವಾಗ ನಾವು ಖಗೋಳಶಾಸ್ತ್ರವನ್ನೇ ಆಡುತ್ತಿರುತ್ತೇವೆ. ಸೂರ್ಯನು ೩೬೫ ದಿನಗಳಲ್ಲಿ ೨೭ ನಕ್ಷತ್ರಗಳನ್ನು ದಾಟುತ್ತಾನೆ. ಭಾಗಿಸಿ ನೋಡಿ: ಒಂದೊಂದು ಮಳೆಗೆ ಹದಿಮೂರೂವರೆ ದಿನ. ಅಜ್ಜ ಹೇಳುವ ಮಳೆ ಲೆಕ್ಕ ಮೂಢನಂಬಿಕೆಯಲ್ಲ, ಬಿತ್ತನೆಗೆ ಮಾಡಿಕೊಂಡ ಪಂಚಾಂಗ. ಮಳೆ ಬಂದೇ ಬರುತ್ತದೆಂದು ಅದು ಹೇಳಲಾರದು. ಕಾಲ ಯಾವುದೆಂದು ಹೇಳಬಲ್ಲದು.

ಈ ಶಾಸ್ತ್ರಗಳೆಲ್ಲ ಬೇರೆ ಬೇರೆ ಎಂದು ಹಿಂದಿನವರು ಗೋಡೆ ಕಟ್ಟಿರಲಿಲ್ಲ. ಸುಮಾರು ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಪಾಲನೆ, ಅಂತರ್ಜಲ ಹುಡುಕುವುದು, ಅಡುಗೆ, ದನಗಳ ಚಿಕಿತ್ಸೆ ಎಲ್ಲವೂ ಒಂದೇ ಗ್ರಂಥದಲ್ಲಿವೆ.

ಮಣ್ಣು ಮತ್ತು ರೋಗ

ಹಿಂದಿನ ಶತಮಾನಗಳ ಮಾತು ಸಾಕು, ಹತ್ತಿರದ ಕಾಲಕ್ಕೆ ಬರೋಣ. ಒಂದೇ ಹೊಲದಲ್ಲಿ ವರ್ಷ ವರ್ಷ ಬೆಳೆದರೆ ಮಣ್ಣು ಏಕೆ ಸೋಲುತ್ತದೆ? ಈ ಪ್ರಶ್ನೆಯನ್ನು ಹಿಡಿದು ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿಯು ೧೮೪೦ರಲ್ಲಿ ಕೃಷಿ ರಸಾಯನಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿ ಕೊಟ್ಟು ಪ್ರಯೋಗಕ್ಷೇತ್ರವನ್ನು ಆರಂಭಿಸಿದರು. ಡಾ. ಲೇಮನ್ ಎಂಬ ರಸಾಯನ ತಜ್ಞರು ಅಲ್ಲಿ ಮಣ್ಣು ಮತ್ತು ಬೆಳೆಗಳ ಸಂಬಂಧವನ್ನು ಪರೀಕ್ಷಿಸತೊಡಗಿದರು.

ಇನ್ನು ರೋಗದ ವಿಷಯ. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆ ಕೊಳೆತುಹೋಗಿ, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವು ಮತ್ತು ಕಾಯಿಲೆಗಳಿಂದ ಸತ್ತರು. ಕಾರಣವನ್ನು ಹುಡುಕುತ್ತ ಹೋದವರು ಒಂದು ಸೂಕ್ಷ್ಮ ಜೀವಿಯನ್ನು ಕಂಡುಹಿಡಿದರು. ಸಸ್ಯರೋಗಶಾಸ್ತ್ರವು ಹೀಗೆ ಬೆಳೆಯಿತು. ೧೯೦೮ರಲ್ಲಿ ಕೆನಡಾ ದೇಶದಿಂದ ಮೈಸೂರಿಗೆ ಬಂದ ಡಾ. ಲೆಸ್ಲಿ ಕೋಲ್ಮನ್‌ರು ಮಲೆನಾಡಿನ ಅಡಿಕೆಗೆ ತಗಲುತ್ತಿದ್ದ ಕೊಳೆರೋಗವನ್ನು ಪರೀಕ್ಷಿಸಿದರು. ಅದು ಐರ್ಲೆಂಡಿನ ಆಲೂಗೆಡ್ಡೆಯನ್ನು ಕೆಡಿಸಿದ ಜೀವಿಯ ಹತ್ತಿರದ ದಾಯಾದಿ ಎಂದು ತಿಳಿಯಿತು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ೧೮೮೫ರ ಹೊತ್ತಿಗೆ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅವರು ಅಡಿಕೆಗೊನೆಗೆ ಸಿಂಪಡಿಸಲು ಕಲಿಸಿದರು. ಮಲೆನಾಡಿನ ತೋಟಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ನೋಡಿ, ದ್ರಾಕ್ಷಿ ಬೆಳೆಗಾರನ ಕಷ್ಟದಿಂದ ಬಂದ ತಿಳುವಳಿಕೆ ಅಡಿಕೆ ಬೆಳೆಗಾರನ ಮನೆ ಉಳಿಸಿತು. ಮುಂದೆ ಕೋಲ್ಮನ್‌ರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು.

ಬೀಜ

ಮಗುವಿಗೆ ತಾಯಿಯ ಕಣ್ಣು, ತಂದೆಯ ಮೂಗು ಬರುವುದು ಹೇಗೆ? ಇದರ ನಿಯಮಗಳನ್ನು ಮೊದಲು ತೋರಿಸಿಕೊಟ್ಟವರು ಮಠದ ಹಿತ್ತಿಲಿನಲ್ಲಿ ಬಟಾಣಿ ಗಿಡ ಬೆಳೆದ ಮೆಂಡೆಲ್ ಎಂಬ ಪಾದ್ರಿ. ಅವರು ೧೮೬೬ರಲ್ಲಿ ಪ್ರಕಟಿಸಿದ ಲೇಖನವೇ ಇಂದಿನ ವಂಶವಾಹಿ ಶಾಸ್ತ್ರಕ್ಕೆ ಬುನಾದಿ.

ಅದೇ ವಿದ್ಯೆಯನ್ನು ನಮ್ಮ ಮುದ್ದೆಯ ಧಾನ್ಯಕ್ಕೆ ತಂದವರು ಮಂಡ್ಯದ ವಿ. ಸಿ. ಫಾರಂನ ಲಕ್ಷ್ಮಣಯ್ಯನವರು. ರಾಗಿಯ ಮೂಲ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅದರ ಹೂವು ಬಹಳ ಸಣ್ಣದು. ತನ್ನ ಪರಾಗವನ್ನೇ ತಾನು ಪಡೆದು ಕಾಳು ಕಟ್ಟುವುದರಿಂದ ಎರಡು ತಳಿಗಳನ್ನು ಕೂಡಿಸುವುದು ತುಂಬಾ ತಾಳ್ಮೆಯ ಕೆಲಸ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಇಂಡಿಯ ಮತ್ತು ಆಫ್ರಿಕ ಎರಡರ ಹೆಸರೂ ಸೇರಿ ಅವು 'ಇಂಡಾಫ್' ಎನಿಸಿಕೊಂಡುವು.

ಒಂದೇ ಹೊಲ, ನೂರು ಗುಣ

ಕಡೆಯದಾಗಿ ಸಂಖ್ಯಾಶಾಸ್ತ್ರ. ರೈತನ ಜೇಬಿಗೆ ಅತಿ ಹತ್ತಿರವಾದುದು ಇದೇ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ೧೮೪೩ರಿಂದ ಬೆಳೆಗಳ ಪ್ರಯೋಗ ನಡೆಯುತ್ತಿದೆ. ೧೯೧೯ರಲ್ಲಿ ಅಲ್ಲಿಗೆ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ಬಂದರು. ಅವರ ಮುಂದಿದ್ದ ತೊಡಕು ನಮಗೆಲ್ಲ ಗೊತ್ತಿರುವುದೇ. ಒಂದೇ ಹೊಲದಲ್ಲಿ ತಗ್ಗಿನ ಕಡೆ ತೇವ, ದಿಬ್ಬದ ಕಡೆ ಗರಸು, ಮರದ ನೆರಳಿನಲ್ಲಿ ಬೆಳೆ ಸೊರಗು. ಹೊಸ ಬೀಜವನ್ನು ತಗ್ಗಿಗೂ ಹಳೆಯದನ್ನು ದಿಬ್ಬಕ್ಕೂ ಹಾಕಿದರೆ ಗೆದ್ದದ್ದು ಬೀಜವೋ ಮಣ್ಣೋ ಹೇಳುವವರಾರು? ಫಿಷರ್ ತೋರಿಸಿದ ಉಪಾಯ ಮೂರು ಮಾತಿನದು: ಹೊಲವನ್ನು ತಾಕುಗಳಾಗಿ ವಿಂಗಡಿಸಿ, ಒಂದೊಂದನ್ನೂ ಹಲವು ಸಲ ಪರೀಕ್ಷಿಸಿ, ಯಾವ ತಾಕಿಗೆ ಯಾವುದು ಎಂಬುದನ್ನು ನಿಮ್ಮ ಮನಸ್ಸಿಗೆ ಬಿಡದೆ ಚೀಟಿ ಎತ್ತಿ ನಿರ್ಧರಿಸಿ.

ಹೊಲದಲ್ಲಿ ಬೆಳೆದ ಈ ಉಪಾಯವು ಆಸ್ಪತ್ರೆಯನ್ನೂ ಸೇರಿತು. ೧೯೪೮ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕ್ಷಯರೋಗದ ಔಷಧಿಯ ಪರೀಕ್ಷೆ ಇದೇ ಕ್ರಮದಲ್ಲಿ ನಡೆದಿತ್ತು. ೨೦೨೦ರಲ್ಲಿ ಕೊರೋನ ಲಸಿಕೆಗಳನ್ನು ಪರೀಕ್ಷಿಸಿದ್ದೂ ಹೀಗೆಯೇ. ಪಂಚಾಯಿತಿಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿಯೂ ಕಟಾವಿನ ತಾಕನ್ನು ಆರಿಸುವುದು ಚೀಟಿ ಎತ್ತಿದಂತೆ, ಯಾರ ಇಷ್ಟಕ್ಕೂ ಬಿಡದೆ. ಬೆಳೆ ವಿಮೆಯ ಪರಿಹಾರಕ್ಕೆ ಆಧಾರ ಅದೇ ಪ್ರಯೋಗ. ಆದುದರಿಂದ ನಿಮ್ಮ ಊರಿನಲ್ಲಿ ಕಟಾವು ನಡೆಯುವಾಗ ಹೋಗಿ ನಿಂತು ನೋಡಿ. ತೂಕ ಸರಿಯಾಗಿ ಬರೆದರೇ ಎಂದು ಕೇಳಿ.

ನೀವೇ ಮಾಡಿ ನೋಡಿ

ಹೊಸ ರಾಗಿ ತಳಿಯೊಂದನ್ನು ಯಾರಾದರೂ ಹೊಗಳಿದರೆ ಇಡೀ ಹೊಲಕ್ಕೆ ಬಿತ್ತಬೇಡಿ. ತೆಗಳಿದರೆ ಬಿಡಲೂ ಬೇಡಿ. ಹೀಗೆ ಪರೀಕ್ಷಿಸಿರಿ.

೧. ೩೩ ಅಡಿ ಉದ್ದ, ೩೩ ಅಡಿ ಅಗಲದ ತಾಕು ಎಂದರೆ ಒಂದು ಗುಂಟೆ. ಇಂಥ ಎಂಟು ತಾಕುಗಳನ್ನು ಅಕ್ಕಪಕ್ಕದಲ್ಲಿ ಎರಡೆರಡರಂತೆ ನಾಲ್ಕು ಜೋಡಿಯಾಗಿ ಗುರುತು ಮಾಡಿ.

೨. ಪ್ರತಿ ಜೋಡಿಯಲ್ಲಿಯೂ ನಾಣ್ಯ ಚಿಮ್ಮಿ, ಯಾವ ತಾಕಿಗೆ ಹೊಸ ತಳಿ ಎಂದು ನಿರ್ಧರಿಸಿ. ಮತ್ತೊಂದಕ್ಕೆ ಹಳೆಯದು.

೩. ಬಿತ್ತುವ ದಿನ, ಗೊಬ್ಬರ, ಕಳೆ ತೆಗೆಯುವುದು ಎಲ್ಲವೂ ಎರಡಕ್ಕೂ ಒಂದೇ ಸಮನಾಗಿರಲಿ.

೪. ಪ್ರತಿ ತಾಕಿನ ತೆನೆಯನ್ನು ಬೇರೆ ಬೇರೆಯಾಗಿ ಕೊಯ್ದು, ಒಕ್ಕಿ, ಒಣಗಿಸಿ, ತೂಕ ಮಾಡಿ ಪುಸ್ತಕದಲ್ಲಿ ಬರೆಯಿರಿ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ವಹಿಸಿ.

ಈಗ ಜೋಡಿ ಜೋಡಿಯಾಗಿ ಹೋಲಿಸಿ. ಎರಡು ತಳಿಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ, ನಾಲ್ಕು ಜೋಡಿಗಳಲ್ಲಿಯೂ ಹೊಸದೇ ಬರೀ ಅದೃಷ್ಟದಿಂದ ಗೆಲ್ಲುವ ಸಂಭವ ಹದಿನಾರರಲ್ಲಿ ಒಂದು, ಅಂದರೆ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ. ಆದುದರಿಂದ ನಾಲ್ಕಕ್ಕೆ ನಾಲ್ಕೂ ಗೆದ್ದರೆ ನಂಬಿಕೆ ಇಡಬಹುದು. ಮುಂದಿನ ವರ್ಷ ಇನ್ನೊಮ್ಮೆ ಮಾಡಿದರೆ ನಂಬಿಕೆ ಗಟ್ಟಿಯಾಗುತ್ತದೆ. ಎರಡು ಗೆದ್ದು ಎರಡು ಸೋತರೆ, ಹೆಚ್ಚಿನ ಬೆಲೆ ಕೊಟ್ಟು ಆ ಬೀಜ ಕೊಳ್ಳಲು ಕಾರಣವಿಲ್ಲ. ಗೊಬ್ಬರವನ್ನೂ ಇದೇ ರೀತಿ ಪರೀಕ್ಷಿಸಬಹುದು.

ಗೊಬ್ಬರ ಕೊಳ್ಳುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ. ಬದು, ಮರದ ಬುಡ, ತಿಪ್ಪೆ ಹಾಕಿದ್ದ ಜಾಗಗಳನ್ನು ಬಿಟ್ಟು, ಹೊಲದ ಎಂಟು ಹತ್ತು ಕಡೆಗಳಲ್ಲಿ ಅರ್ಧ ಅಡಿ ಆಳದವರೆಗಿನ ಮಣ್ಣನ್ನು ತೆಗೆಯಿರಿ. ಚೆನ್ನಾಗಿ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಹೆಸರು ಮತ್ತು ಸರ್ವೆ ನಂಬರು ಬರೆದಿಡಿ. ಅದನ್ನು ಎಲ್ಲಿ ಕೊಡಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೇ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಣ್ಣಿನಲ್ಲಿ ಈಗಾಗಲೇ ಇರುವುದನ್ನೇ ಹಣ ಕೊಟ್ಟು ತಂದು ಸುರಿಯುವ ದಂಡ ಇದರಿಂದ ತಪ್ಪುತ್ತದೆ.

ತಂದೆಯೂ ಮಗನೂ

ಬಾಂಧವರೇ, ಲೆಕ್ಕ, ಅಳತೆ, ಪಂಚಾಂಗ, ರಸಾಯನ, ರೋಗವಿಜ್ಞಾನ, ಬೀಜವಿಜ್ಞಾನ, ಸಂಖ್ಯಾಶಾಸ್ತ್ರ ಇವೆಲ್ಲವೂ ನೇಗಿಲಿನ ಋಣದಲ್ಲಿವೆ. ಆ ಋಣವನ್ನು ವಸೂಲು ಮಾಡಿಕೊಳ್ಳುವ ಹಕ್ಕು ರೈತನಿಗೆ ಉಂಟು. ವಿಜ್ಞಾನಿಯನ್ನು ಕಂಡಾಗ ಕೈಕಟ್ಟಿ ನಿಲ್ಲಬೇಡಿ, ಪ್ರಶ್ನೆ ಕೇಳಿ. ಈ ತಳಿಯನ್ನು ನಮ್ಮಂಥ ಕೆಂಪು ಮಣ್ಣಿನಲ್ಲಿ ಎಷ್ಟು ಕಡೆ, ಎಷ್ಟು ವರ್ಷ ಪರೀಕ್ಷಿಸಿದ್ದೀರಿ ಎಂದು ಕೇಳಿದರೆ ಅವರು ಬೇಸರ ಪಡಲಾರರು. ಒಳ್ಳೆಯ ವಿಜ್ಞಾನಿ ಬಯಸುವುದೇ ಇಂಥ ಪ್ರಶ್ನೆಯನ್ನು.

ಹಾಗೆಯೇ ಮಗನು ರೇಖಾಗಣಿತ ಓದುತ್ತಿದ್ದರೆ ಹಗ್ಗ ಕೊಟ್ಟು ಹೊಲ ಅಳೆಯಲು ಹೇಳಿ. ಮಗಳು ಶೇಕಡಾ ಲೆಕ್ಕ ಕಲಿತಿದ್ದರೆ ಗೊಬ್ಬರದ ಚೀಲದ ಮೇಲಿನ ಅಂಕೆಗಳನ್ನು ಓದಿಸಿ. ಪುಸ್ತಕದ ಪಾಠ ಹೊಲದಲ್ಲಿ ಕೆಲಸಕ್ಕೆ ಬಂದದ್ದನ್ನು ಕಂಡ ಮಕ್ಕಳು ಬೇಸಾಯವನ್ನು ಕೀಳೆಂದು ತಿಳಿಯುವುದಿಲ್ಲ. ಈ ಮುಂಗಾರಿಗೆ ಎಂಟು ಗುಂಟೆ ಭೂಮಿ, ಒಂದು ನಾಣ್ಯ, ಒಂದು ಪುಸ್ತಕ ಇಷ್ಟನ್ನು ಸಿದ್ಧಮಾಡಿಕೊಳ್ಳಿ. ಸುಗ್ಗಿಯಲ್ಲಿ ನಿಮ್ಮ ಹೊಲವೇ ನಿಮಗೆ ಉತ್ತರ ಹೇಳುವುದು.